ಡೇಟಾಬೇಸ್‌ಗೆ ಬರೆಯುವ ಪ್ರೋಗ್ರಾಂ: ಕನೆಕ್ಷನ್ ಸೆಟ್ಟಿಂಗ್ ಹೇಗಿರಬೇಕು?

ಪಿಂಪ್ರಿಯಿಂದ ಪ್ರಶ್ನೆ: ಚಾಕಣದ ನಮ್ಮ ಘಟಕದ ಯಂತ್ರಗಳ ಅಳತೆಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬರೆಯುವ ಪ್ರೋಗ್ರಾಂ ಹಗಲೆಲ್ಲ ಸರಿಯಾಗಿ ನಡೆಯುತ್ತದೆ. ಆದರೆ ರಾತ್ರಿ ಯಂತ್ರಗಳು ನಿಂತು, ಬೆಳಗಿನ ಪಾಳಿ ಶುರುವಾದೊಡನೆ ಮೊದಲ ಸಾಲುಗಳು ದಾಖಲಾಗುವುದಿಲ್ಲ. ಪೂಲ್ ಅನ್ನು (ಮರುಬಳಕೆಗೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) 50ಕ್ಕೆ ಏರಿಸಿದರೂ ಪ್ರಯೋಜನವಾಗಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಹಡಪ್ಸರದಿಂದ: ನಮ್ಮಲ್ಲೂ ಇದೇ ಲಕ್ಷಣವಿತ್ತು. ರಾತ್ರಿಯಿಡೀ ಸುಮ್ಮನಿದ್ದ ಕನೆಕ್ಷನ್ ಅನ್ನು ನಡುವಿನ ಫೈರ್‌ವಾಲ್ ಯಾರಿಗೂ ತಿಳಿಸದೆ ಕಡಿದುಹಾಕಿರುತ್ತದೆ. ಪ್ರೋಗ್ರಾಂ ಅದು ಇನ್ನೂ ಇದೆಯೆಂದೇ ನಂಬಿ ಬೆಳಿಗ್ಗೆ ಅದರ ಮೇಲೆಯೇ ಬರೆಯಲು ಹೋಗುತ್ತದೆ. ಲಿನಕ್ಸ್ ತಾನಾಗಿ ಕೀಪ್‌ಅಲೈವ್ (ಕನೆಕ್ಷನ್ ಇನ್ನೂ ಇದೆಯೇ ಎಂದು ನೋಡುವ ಸಣ್ಣ ಸಂದೇಶ) ಕಳಿಸುವುದು 7200 ಸೆಕೆಂಡು, ಅಂದರೆ ಎರಡು ಗಂಟೆ ಕಳೆದ ಮೇಲೆ, ಮತ್ತು ಅನೇಕ ಫೈರ್‌ವಾಲ್‌ಗಳು ಅಷ್ಟು ಹೊತ್ತು ಕಾಯುವುದಿಲ್ಲ. ನಿಮ್ಮ ಡ್ರೈವರ್ (ಪ್ರೋಗ್ರಾಂ ಅನ್ನು ಡೇಟಾಬೇಸ್‌ಗೆ ಜೋಡಿಸುವ ಭಾಗ) ಪೋಸ್ಟ್‌ಗ್ರೆಸ್‌ನದೇ ಲೈಬ್ರರಿಯಾದ ಲಿಬ್‌ಪಿಕ್ಯೂ ಬಳಸುತ್ತಿದ್ದರೆ, ಎಷ್ಟು ಹೊತ್ತು ಸುಮ್ಮನಿದ್ದ ಮೇಲೆ ಈ ಸಂದೇಶ ಹೋಗಬೇಕೆಂಬ ಕೀಪ್‌ಅಲೈವ್ಸ್ ಐಡಲ್ ಮೌಲ್ಯವನ್ನು 60 ಸೆಕೆಂಡಿಗೆ ಇಳಿಸಿ, ಪೂಲ್‌ನಲ್ಲಿ ಕನೆಕ್ಷನ್‌ನ ಗರಿಷ್ಠ ಆಯುಷ್ಯವನ್ನೂ ಫೈರ್‌ವಾಲ್‌ನ ಗಡುವಿಗಿಂತ ಕಡಿಮೆ ಇಡಿ. ಕನೆಕ್ಟ್ ಟೈಮ್‌ಔಟ್ (ಹೊಸ ಕನೆಕ್ಷನ್‌ಗೆ ಕಾಯುವ ಗಡುವು) ಅನ್ನು ಖಾಲಿ ಬಿಡಬೇಡಿ; ಬಿಟ್ಟರೆ ಲಿಬ್‌ಪಿಕ್ಯೂ ಕೊನೆಯಿಲ್ಲದೆ ಕಾಯುತ್ತದೆ. ನಾವು 10 ಸೆಕೆಂಡು ಇಟ್ಟಿದ್ದೇವೆ.

ಠಾಣೆಯಿಂದ: ಹಡಪ್ಸರದವರು ಹೇಳಿದ್ದು ಸರಿ. ಪೂಲ್ ಅನ್ನು ಮಾತ್ರ ದಯವಿಟ್ಟು ಕೆಳಗಿಳಿಸಿ. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100 ಕನೆಕ್ಷನ್, ಅದರಲ್ಲಿ 3 ಸೂಪರ್‌ಯೂಸರ್‌ಗೆ (ಪೂರ್ಣ ಅಧಿಕಾರವಿರುವ ನಿರ್ವಾಹಕ) ಮೀಸಲು. ನಿಮ್ಮ ಪ್ರೋಗ್ರಾಂ ಎರಡು ಕಡೆ ಓಡಿದರೆ ವರದಿ ತೆಗೆಯುವವರಿಗೆ ಒಂದೂ ಉಳಿಯುವುದಿಲ್ಲ. ವೇಗ ಬೇಕಿದ್ದರೆ ಒಂದೊಂದು ಸಾಲಿಗೆ ಒಂದೊಂದು ಇನ್ಸರ್ಟ್ (ಸಾಲು ಸೇರಿಸುವ ಆದೇಶ) ಮಾಡುವ ಬದಲು ಕೆಲವು ನೂರು ಸಾಲುಗಳನ್ನು ಒಟ್ಟಿಗೆ ಕಳಿಸಿ, ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು) ಒಮ್ಮೆ ಮಾಡಿ. ಹೀಗೆ ಮಾಡಿದರೆ ನಾಲ್ಕೈದು ಕನೆಕ್ಷನ್ ಧಾರಾಳವಾಗಿ ಸಾಕಾಗುತ್ತವೆ.

ಇನ್ನೊಂದು ವಿಷಯ, ನನಗೆ ಇದೇ ಅತಿ ಮುಖ್ಯ. ಕಮಿಟ್ ಆದ ಕ್ಷಣದಲ್ಲೇ ಕನೆಕ್ಷನ್ ಕಡಿದರೆ ದತ್ತಾಂಶ ಸೇರಿತೋ ಇಲ್ಲವೋ ಎಂಬುದು ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ. ಅದು ಮತ್ತೆ ಬರೆದರೆ ಒಂದೇ ಅಳತೆ ಎರಡು ಸಲ ದಾಖಲಾಗುತ್ತದೆ. ಯಂತ್ರದ ಸಂಖ್ಯೆ ಮತ್ತು ಸಮಯ ಎರಡನ್ನೂ ಸೇರಿಸಿ ಯೂನಿಕ್ ಕೀ (ಒಂದೇ ಜೋಡಿ ಎರಡು ಸಲ ಬರದಂತೆ ತಡೆಯುವ ನಿಯಮ) ಇಟ್ಟು, ಇನ್ಸರ್ಟ್‌ಗೆ 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್' (ಈಗಾಗಲೇ ಇದ್ದರೆ ಸುಮ್ಮನೆ ಬಿಡು) ಸೇರಿಸಿದ ಮೇಲೆಯೇ ರಿಟ್ರೈ, ಅಂದರೆ ಮರುಪ್ರಯತ್ನ, ಚಾಲೂ ಮಾಡಿ.

ಮಡಗಾಂವಿನಿಂದ: ಯುಆರ್‌ಎಲ್ ರೂಪದಲ್ಲಿ ಕನೆಕ್ಷನ್ ಬರೆಯುವವರು ಪಾಸ್‌ವರ್ಡ್‌ನಲ್ಲಿ @ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಅದರ ಮುಂದಿನ ಭಾಗವನ್ನು ಡ್ರೈವರ್ ಸರ್ವರ್ ಹೆಸರೆಂದು ಓದಿಕೊಂಡು, ಹೋಸ್ಟ್ ಸಿಗಲಿಲ್ಲ ಎನ್ನಬಹುದು. ಅದರ ಜಾಗದಲ್ಲಿ %40 ಎಂದು ಬರೆಯಬೇಕು.