ಚಿಮ್ನಿ ಫಿಲ್ಟರ್ ತೊಳೆದ್ರೆ ಕಪ್ಪಾಗೋಯ್ತು, ಜಿಡ್ಡು ತೆಗೆಯೋದು ಹೇಗೆ?

ಗೋಪಾಳದ ಅಡುಗೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮನೆ ಶಿವಮೊಗ್ಗದ ಗೋಪಾಳದಲ್ಲಿ, ಚಿಮ್ನಿ ಹಾಕಿಸಿ ಮೂರು ವರ್ಷ ಆಯ್ತು. ಮೊದಲೆಲ್ಲ ಒಗ್ಗರಣೆ ಹಾಕಿದ್ರೆ ಹಾಲಲ್ಲಿ ಕೂತವ್ರಿಗೆ ಗೊತ್ತೇ ಆಗ್ತಿರ್ಲಿಲ್ಲ, ಈಗ ಮೂರನೇ ಸ್ಪೀಡಲ್ಲಿ ಇಟ್ರೂ ಮೆಣಸಿನಕಾಯಿ ಘಾಟು ಮನೆ ತುಂಬಾ, ಸೌಂಡ್ ಮಾತ್ರ ಜೋರು. ಹೋದ ಭಾನುವಾರ ದೋಸೆ ಹೊಯ್ಯುವಾಗ ಮೇಲಿಂದ ಒಂದು ಹನಿ ಕಂದು ಎಣ್ಣೆ ಸೀದಾ ಕಾವಲಿ ಮೇಲೇ ಬಿತ್ತು. ಮನೇಲಿ ಸಣ್ಣ ಮಗು ಇದೆ, ಆ ಹನಿ ನೋಡಿ ನಂಗೆ ತುಂಬಾ ಕಸಿವಿಸಿ ಆಯ್ತು.
ಎರಡು ಫಿಲ್ಟರ್ ಇದೆ, ಪದರ ಪದರ ಜಾಲಿ ಥರದ್ದು. ಗೊತ್ತಿರೋರೊಬ್ರು ಕಾಸ್ಟಿಕ್ ಸೋಡಾ ಹಾಕಿ ಅಂದ್ರು ಅಂತ ಒಂದನ್ನ ಬಿಸಿನೀರಿನ ಬಕೆಟ್‌ಗೆ ಹಾಕಿದೆ, ಭುಸುಭುಸು ನೊರೆ ಬಂತು, ಜಿಡ್ಡೇನೋ ಹೋಯ್ತು ಆದ್ರೆ ಜಾಲಿ ಕಪ್ಪಾಗಿ ಮುಟ್ಟಿದ್ರೆ ಕೈಗೆ ಬೂದಿ ಬಣ್ಣ ಹತ್ತುತ್ತೆ. ಇನ್ನೊಂದನ್ನ ಮುಟ್ಟೋಕೇ ಭಯ ಆಗಿದೆ. ಅದರ ಮೇಲೆ ಈ ಮಳೆ, ತೊಳೆದ್ರೂ ಒಣಗೋದೆಲ್ಲಿ? ಯಾರಾದ್ರೂ ದಾರಿ ಹೇಳಿ.

ತುಂಗೆ ದಡ:
ಅಯ್ಯೋ ಮಾರಾಯ್ರೆ, ಕಾಸ್ಟಿಕ್ ಸೋಡಾ ಎಂತಕ್ಕೆ ಹಾಕಿದ್ರಿ! ಕೈಗೆ, ಕಣ್ಣಿಗೆ ಸಿಡಿದಿದ್ರೆ ಕಷ್ಟ ಇತ್ತು. ನಮ್ಮದು ತೀರ್ಥಹಳ್ಳಿ ಹತ್ರ, ನಂದೂ ಜಾಲಿ ಫಿಲ್ಟರೇ. ಮೊದ್ಲು ಒಲೆ ಇದ್ದಾಗ ಇಲ್ಲಣ ಒಣಗಿರ್ತಿತ್ತು, ದೋಟಿಗೆ ಪೊರಕೆ ಕಟ್ಟಿ ಎಳೆದ್ರೆ ಬೀಳ್ತಿತ್ತು, ಇದು ಹಂಗಲ್ಲ, ಎಣ್ಣೆ ಆವಿ ಜಾಲಿ ಮೇಲೆ ಕೂತು ಕೂತು ಅಂಟು ಥರ ಆಗುತ್ತೆ, ಅದಕ್ಕೆ ಧೂಳು ಬೇರೆ ಸೇರುತ್ತೆ. ಹಳೇದಾದಷ್ಟೂ ಬಿಡಲ್ಲ. ಹಾಗಾಗಿ ನಾನು ಹದಿನೈದು ದಿನಕ್ಕೊಂದ್ಸಲ ತೊಳೀತೀನಿ, ಹಪ್ಪಳ ಸಂಡಿಗೆ ಕರಿದ ವಾರ ಆದ್ರೆ ಇನ್ನೂ ಬೇಗ.
ಬಚ್ಚಲ ಹಂಡೇಲಿ ಕುದಿಯೋ ನೀರು ಇದ್ದೇ ಇರುತ್ತೆ. ಅಗಲ ಟಬ್ಬಲ್ಲಿ ಆ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಚಮಚ, ಅಡುಗೆ ಸೋಡಾ ಒಂದೇ ಚಮಚ, ಫಿಲ್ಟರ್ ಪೂರ್ತಿ ಮುಳುಗಿಸಿ ಹದಿನೈದು ನಿಮಿಷ. ರಾತ್ರಿಯಿಡೀ ಬಿಡ್ಬೇಡಿ. ಮೇಲೆ ಹಳದಿ ಕೆನೆ ಥರ ಎಣ್ಣೆ ತೇಲುತ್ತೆ, ಆ ನೀರು ಚೆಲ್ಲಿ ಹೊಸ ಬಿಸಿನೀರು ಹಾಕ್ಲೇಬೇಕು, ಇಲ್ದಿದ್ರೆ ಎತ್ತುವಾಗ ಅದೇ ಜಿಡ್ಡು ಮತ್ತೆ ಹತ್ಕೊಳ್ಳುತ್ತೆ. ಹಳೇ ಟೂತ್‌ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿ, ಸ್ಟೀಲ್ ನಾರು ಹಾಕಿದ್ರೆ ಜಾಲಿ ಎಳೆ ಎದ್ದು ಬರುತ್ತೆ. ಮನೇಲಿ ಅಂಟುವಾಳ ಇದ್ರೆ ಸೋಡಾ ಬದಲು ಅದರ ನೀರು ಹಾಕಿ, ನಿಧಾನ ಆದ್ರೂ ಲೋಹಕ್ಕೆ ಎಂತದೂ ಆಗಲ್ಲ.
ಒಣಗಿಸೋಕೆ ನೆಟ್ಟಗೆ ನಿಲ್ಲಿಸಿ ಫ್ಯಾನ್ ಹಾಕಿ, ನಡುವೆ ಒಂದೆರಡ್ಸಲ ಕೊಡವಿ. ಬಚ್ಚಲ ಒಲೆ ಮೇಲೆ ಬಟ್ಟೆ ಹರವೋ ಗಳಕ್ಕೆ ತೂಗಿಸ್ಬೇಡಿ, ಹೊಗೆ ಹಿಡಿಯುತ್ತೆ.

ಫಿಟ್ಟಿಂಗ್ ಕೆಲಸದವ:
ನಾನು ಶಿವಮೊಗ್ಗ, ಭದ್ರಾವತಿ ಕಡೆ ಚಿಮ್ನಿ ಕೂರಿಸೋ ಕೆಲಸ ಮಾಡ್ತೀನಿ. ಅಕ್ಕ, ನಿಮ್ಮ ಜಾಲಿ ಅಲ್ಯೂಮಿನಿಯಂದು. ಕಾಸ್ಟಿಕ್ ಸೋಡಾ ಜಿಡ್ಡನ್ನಷ್ಟೇ ಅಲ್ಲ ಅಲ್ಯೂಮಿನಿಯಂನೂ ತಿನ್ನುತ್ತೆ, ಆ ನೊರೆ ಹೈಡ್ರೋಜನ್ ಗ್ಯಾಸ್, ಬೆಂಕಿ ಹತ್ತೋ ಗ್ಯಾಸ್ ಅದು, ಬಾಗಿಲು ಹಾಕಿದ ಬಚ್ಚಲಲ್ಲಿ ಯಾವತ್ತೂ ಮಾಡ್ಬೇಡಿ. ಬಟ್ಟೆ ಸೋಡಾನೂ ಕಪ್ಪು ಮಾಡುತ್ತೆ. ಕಪ್ಪಾಗಿರೋದು ಕೈಗೆ ಹತ್ತುತ್ತಿದೆ ಅಂದ್ರೆ ಅದನ್ನ ಬದಲಾಯಿಸಿ, ಅಳತೆ ತಗೊಂಡು ಹೋದ್ರೆ ಬಿಡಿ ಫಿಲ್ಟರ್ ಸಿಗುತ್ತೆ. ನಮ್ಮ ಕಡೆ ಅಡುಗೆಗೆ ನನ್ನ ಕೇಳಿದ್ರೆ ಸ್ಟೀಲಿನ ಬ್ಯಾಫಲ್ ಫಿಲ್ಟರೇ ಸರಿ, ಪಟ್ಟಿ ಪಟ್ಟಿ ಇರುತ್ತಲ್ಲ ಅದು. ಗಾಳಿ ತಿರುಗಿ ಹೋಗುವಾಗ ಎಣ್ಣೆ ಪಟ್ಟಿಗೆ ಬಡಿದು ಕೆಳಗೆ ಜಾರುತ್ತೆ, ಜಾಲಿ ಥರ ಬೇಗ ಕಟ್ಟಲ್ಲ. ನಿಮ್ಮ ಮಾಡೆಲ್‌ಗೆ ಕೂರುತ್ತಾ ಕೇಳಿ.
ಹನಿ ಬೀಳೋದು ಫಿಲ್ಟರ್ ತುಂಬಿರೋದ್ರಿಂದಾನೇ ಇರ್ಬಹುದು, ಆದ್ರೂ ಒಳಗೆ ಎಣ್ಣೆ ಕಪ್ ಇದ್ರೆ ಅದನ್ನೂ, ಪೈಪನ್ನೂ ನೋಡ್ಸಿ. ಪ್ಲಗ್ ಕಿತ್ತ ಮೇಲೇ ಕೈ ಹಾಕಿ. ಮೋಟಾರಿಗೆ ನೀರು ಹೊಡೀಬೇಡಿ. ಹೊರಗಡೆ ಪೈಪಿನ ಬಾಯಿಗೆ ಮುಚ್ಚಳ ಇಲ್ಲದಿದ್ರೆ ಮಳೆ ನೀರು ಒಳಗೆ ಬರುತ್ತೆ, ಹಕ್ಕಿ ಗೂಡೂ ಕಟ್ಟಿರುತ್ತೆ, ಎಷ್ಟೋ ಮನೇಲಿ ಕಡ್ಡಿ ತೆಗೆದಿದೀನಿ. ಜಿಡ್ಡು ಕಟ್ಟಿದ ಫಿಲ್ಟರ್ ಕೆಳಗೆ ಬಾಣಲೆ ಎಣ್ಣೆ ಹತ್ಕೊಂಡ್ರೆ ಬೆಂಕಿ ಮೇಲಕ್ಕೆ ಹೋಗುತ್ತೆ, ಹಾಗಾಗಿ ಮುಂದೂಡ್ಬೇಡಿ.

ಸಾಗರದವ:
ನಮ್ದು ಆಟೋ ಕ್ಲೀನ್, ಅದಕ್ಕೂ ಇದೆಲ್ಲ ಬೇಕಾ? ಪೈಪ್ ಇಲ್ದೇ ಇರೋ ಚಿಮ್ನಿ ನಮ್ಮಣ್ಣನ ಮನೇಲಿದೆ, ಅದರ ಇದ್ದಿಲು ಫಿಲ್ಟರ್ ತೊಳೀಬಹುದಾ?

ಫಿಟ್ಟಿಂಗ್ ಕೆಲಸದವ:
ಆಟೋ ಕ್ಲೀನಲ್ಲಿ ಒಳಗಿನ ಜಿಡ್ಡು ಬಿಸಿಗೆ ಕರಗಿ ಕಪ್‌ಗೆ ಇಳಿಯುತ್ತೆ, ಕಪ್ ಖಾಲಿ ಮಾಡೋದು ನೀವೇ. ಪೈಪಿನ ಒಳಗೆ ಅದೇನೂ ಮಾಡಲ್ಲ. ಇದ್ದಿಲು ಫಿಲ್ಟರ್ ತೊಳೆಯೋಕೆ ಬರಲ್ಲ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ಹೊಸದು ಹಾಕ್ಬೇಕು.

ಗೋಪಾಳದ ಅಡುಗೆಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಉಳಿದ ಫಿಲ್ಟರನ್ನ ತುಂಗೆ ದಡದ ಅಕ್ಕ ಹೇಳಿದಂಗೇ ತೊಳೆದೆ, ಎರಡನೇ ನೀರೂ ಚಹಾ ಬಣ್ಣ ಆಯ್ತು, ಮೂರನೇದಕ್ಕೆ ತಿಳಿ ಬಂತು. ಫ್ಯಾನ್ ಕೆಳಗೆ ಒಣಗೋಕೆ ಒಂದೂವರೆ ದಿನ ಬೇಕಾಯ್ತು. ಕಪ್ಪಾಗಿದ್ದರ ಬದಲು ಹೊಸದು ತಂದು ಎರಡೂ ಕೂರಿಸಿ ಒಂದು ಹಾಳೆ ಹಿಡಿದೆ, ಒಂದನೇ ಸ್ಪೀಡಲ್ಲೇ ಟಪ್ ಅಂತ ಅಂಟ್ಕೊಳ್ತು. ಪೈಪಿನ ಬಾಯಿ ಹೊರಗಿಂದ ನೋಡಿದೆ, ಮುಚ್ಚಳ ಇಲ್ಲ, ಮಳೆ ಸ್ವಲ್ಪ ಹೊಳವಾದ್ರೆ ಹಾಕಿಸ್ತೀನಿ.