ಪದಚರ್ಚೆ: ಮಾದರಿ ಜಲಾಂತರ್ಗಾಮಿಯ 'ವೆದರಿಂಗ್'ಗೆ ಏನನ್ನೋಣ? ಮಾಸಿಸು, ಸವೆಸು, ಕಂದಿಸು...

ಬಳಗದ ಎಲ್ಲರಿಗೂ ನಮಸ್ಕಾರ.

ಪ್ಲಾಸ್ಟಿಕ್ ಕಿಟ್‌ಗಳಿಂದ ಹಡಗು, ಜಲಾಂತರ್ಗಾಮಿಗಳ ಪುಟ್ಟ ಮಾದರಿ ಕಟ್ಟುವ ಹವ್ಯಾಸಕ್ಕೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕತ್ತರಿಸು, ಅಂಟಿಸು, ಪುಟ್ಟಿ ತುಂಬು, ಉಪ್ಪು ಕಾಗದದಲ್ಲಿ ಉಜ್ಜು, ಪ್ರೈಮರ್ ಹೊಡಿ. ಇಲ್ಲಿವರೆಗೆ ಪದಗಳಿಗೆ ಬರವಿಲ್ಲ. ಬಡಗಿಗಳು, ಪೇಂಟರ್‌ಗಳು ದಿನಾ ಆಡುವ ಮಾತೇ ಸಾಕು. ತೊಡಕಾಗಿರುವುದು ಕೊನೆಯ ಹಂತದಲ್ಲಿ. ಹವ್ಯಾಸದವರು ಅದನ್ನು 'ವೆದರಿಂಗ್' ಅನ್ನುತ್ತಾರೆ. ಬಣ್ಣ ಮುಗಿದಾಗ ಮಾದರಿ ಹೊಚ್ಚ ಹೊಸದಾಗಿ ಕಾಣುತ್ತದೆ. ಬಿಸಿಲು, ಉಪ್ಪುನೀರು, ತುಕ್ಕು, ಜನರ ಓಡಾಟ, ಇವೆಲ್ಲದರ ಗುರುತು ಅದರ ಮೇಲೆ ಮೂಡಿಸುವ ಕೆಲಸ ಇದು.

'ಶಿಥಿಲೀಕರಣ' ಅನ್ನುವ ಪದ ಭೂಗೋಳದ ಪಾಠದಲ್ಲಿದೆ. ಬಂಡೆ ಒಡೆದು ಪುಡಿಯಾಗುವುದಕ್ಕೆ ಅದು ಸರಿ. ಆದರೆ ಶಿಥಿಲ ಅಂದರೆ ಇಂದೋ ನಾಳೆಯೋ ಬೀಳುವಂಥದ್ದು, ಅಲ್ವಾ? ವಾರಗಟ್ಟಲೆ ಸಮುದ್ರದಲ್ಲಿದ್ದು ಬಂದ ಜಲಾಂತರ್ಗಾಮಿ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಮೈಬಣ್ಣ ಮಾತ್ರ. 'ಹಳತಾಗಿಸು' ಅಂತಲೂ ಯೋಚಿಸಿದೆ. ಅದೂ ಕೂರುವುದಿಲ್ಲ. ನೀರಿಗಿಳಿದು ಕೆಲವೇ ತಿಂಗಳಾದ ನೌಕೆಗೂ ಈ ಗುರುತುಗಳು ಬಂದಿರುತ್ತವೆ. ವಯಸ್ಸಿನ ಮಾತು ಇಲ್ಲಿಲ್ಲ.

ಸಂದರ್ಭ ತಿಳಿಯಲಿ ಅಂತ ಒಂದೇ ನೌಕೆಯನ್ನು ಹಿಡಿಯುತ್ತೇನೆ. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ 'ಟೈಪ್ 7ಸಿ' ಜಲಾಂತರ್ಗಾಮಿ. ಉದ್ದ ಸುಮಾರು 67 ಮೀಟರ್. ಇದೇ ಕುಟುಂಬದ ಯು-995 ಇವತ್ತಿಗೂ ಜರ್ಮನಿಯ ಕೀಲ್ ನಗರದ ಹತ್ತಿರದ ಲಾಬೊ ಊರಿನ ಕಡಲ ದಂಡೆಯಲ್ಲಿ ಮ್ಯೂಸಿಯಂ ಆಗಿ ನಿಂತಿದೆ. 1/72 ಅಳತೆಯ ಮಾದರಿ 93 ಸೆಂ.ಮೀ. ಆಗುತ್ತದೆ. 1/350 ಅಳತೆಯಲ್ಲಿ ಬರೀ 19 ಸೆಂ.ಮೀ. ಸಾಮಾನ್ಯವಾಗಿ ಮೇಲ್ಭಾಗಕ್ಕೆ ನಸು ಬೂದು, ನೀರಿನೊಳಗಿನ ಭಾಗಕ್ಕೆ ಕಡು ಬೂದು.

ಒಳಗಿರುವುದು ನೀರಿನ ಒತ್ತಡ ತಡೆಯುವ ದಪ್ಪ ಉಕ್ಕಿನ ಒಡಲು. ಅದರ ಮೇಲೆ ತೆಳು ತಗಡಿನ ಹೊದಿಕೆ. ಹೊದಿಕೆಯ ಎರಡೂ ಪಕ್ಕದಲ್ಲಿ ಸಾಲು ಸಾಲು ಕಂಡಿಗಳು. ಮುಳುಗುವಾಗ ಆ ಕಂಡಿಗಳಿಂದ ನೀರು ಹೊದಿಕೆಯೊಳಗೆ ನುಗ್ಗುತ್ತದೆ. ಮೇಲೆದ್ದಾಗ ಅಲ್ಲಿಂದಲೇ ಸುರಿದು ಹೋಗುತ್ತದೆ. ತುಕ್ಕಿನ ಗೆರೆ ಹುಟ್ಟುವುದು ಅಲ್ಲಿ, ಇಳಿಯುವುದು ನೆಟ್ಟಗೆ ಕೆಳಕ್ಕೆ. ಮಳೆಗಾಲದಲ್ಲಿ ಕಿಟಕಿ ಸರಳಿನ ಬುಡದಿಂದ ಸುಣ್ಣದ ಗೋಡೆ ಮೇಲೆ ಕೆಂಪು ಗೆರೆ ಇಳಿಯುತ್ತದಲ್ಲ, ಥೇಟ್ ಹಾಗೆ. ಮಾದರಿಯಲ್ಲಿ ಇದನ್ನು ಮೂಡಿಸಲು ಕಂಡಿಯ ಕೆಳತುಟಿಗೆ ಸೂಜಿಮೊನೆಯಷ್ಟು ಆಯಿಲ್ ಪೇಂಟ್ ಇಡಬೇಕು. ಥಿನ್ನರ್‌ನಲ್ಲಿ ಅದ್ದಿ ಒರೆಸಿದ ಬ್ರಷ್‌ನಿಂದ ಅದನ್ನು ಕೆಳಕ್ಕೆ ಎಳೆಯಬೇಕು. ಮೇಲೆ ದಟ್ಟ, ಕೆಳಗೆ ಹೋದಂತೆ ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ಈ ಗೆರೆಗೆ ಒಂದೇ ಪದ ಬೇಕು. 'ಸೋರುಗೆರೆ' ಅಂತ ಬರೆದುಕೊಂಡಿದ್ದೇನೆ. ಇದಕ್ಕಿಂತ ಹಳೆಯ, ಜನರ ಬಾಯಲ್ಲಿರುವ ಪದ ಇದ್ದರೆ ಅದನ್ನೇ ಬಳಸುವ ಆಸೆ.

ಬಿಡಿ ಬಿಡಿಯಾಗಿ ನೋಡಿದರೆ ಕನ್ನಡದಲ್ಲಿ ಪದಗಳು ಧಾರಾಳ. ಬಿಸಿಲಿಗೆ ಬಣ್ಣ ಕಂದುತ್ತದೆ. ಏಣಿಯ ಮೆಟ್ಟಿಲು ಬೂಟು ತಗುಲಿ ಸವೆಯುತ್ತದೆ. ಉಪ್ಪುನೀರು ಒಣಗಿದಲ್ಲಿ ಬೆಳ್ಳಗೆ ಕರೆ ಕಟ್ಟುತ್ತದೆ. ಉಕ್ಕಿಗೆ ತುಕ್ಕು, ಕಂಚಿನ ಪ್ರೊಪೆಲರ್‌ಗೆ ಕಿಲುಬು. ನೀರು ಮುಟ್ಟುವ ಅಂಚಿನಲ್ಲಿ ಪಾಚಿ. ಬಣ್ಣ ಚಕ್ಕೆ ಏಳುತ್ತದೆ. ಇವನ್ನು ಬೇರೆ ಬೇರೆಯಾಗಿಯೇ ಹೇಳುವುದು ಒಳ್ಳೆಯದು ಅಂತ ನನ್ನ ನಂಬಿಕೆ. 'ಇಲ್ಲಿ ಸವೆಸಿ, ಅಲ್ಲಿ ಕಂದಿಸಿ' ಅಂದರೆ ಕಟ್ಟುವವರಿಗೆ ಕಾರಣವೂ ತಿಳಿಯುತ್ತದೆ, ಯಾವ ಬ್ರಷ್ ಹಿಡಿಯಬೇಕು ಅಂತಲೂ ತಿಳಿಯುತ್ತದೆ.

ಒಂದು ಎಚ್ಚರಿಕೆ ಬೇಕು. 'ಕಂದಿದ ಬೂದು' ಅಂದರೆ ಸರಿ. 'ಕಂದು ಬೂದು' ಅಂತ ಬರೆದರೆ ಓದಿದವರು ಬ್ರೌನ್ ಕಲಸಿಬಿಡುತ್ತಾರೆ. ಬಣ್ಣದ ಕೈಪಿಡಿಯಲ್ಲಿ ಇದು ಸಣ್ಣ ವಿಷಯವಲ್ಲ.

ಇಷ್ಟೆಲ್ಲಕ್ಕೂ ಒಟ್ಟಾಗಿ ಒಂದು ಹೆಸರು ಬೇಕಲ್ಲ, ಅಧ್ಯಾಯದ ತಲೆಬರಹಕ್ಕೆ? ನನ್ನ ಮನಸ್ಸು ಇರುವುದು 'ಮಾಸು' ಮೇಲೆ. ಬಟ್ಟೆ ಮಾಸುತ್ತದೆ, ಗೋಡೆ ಮಾಸುತ್ತದೆ, ನೆನಪೂ ಮಾಸುತ್ತದೆ. ಹೊಳಪು ಹೋಗುವುದು, ಕೊಳೆ ಕೂರುವುದು ಎರಡೂ ಅದರಲ್ಲಿವೆ. ಆದರೆ ಮಾಸುವುದು ತಾನಾಗಿ ಆಗುವ ಕೆಲಸ. ನಾವು ಮಾಡುವುದು ಬೇಕೆಂದೇ. ಹಾಗಾಗಿ 'ಇಸು' ಹಚ್ಚಿ 'ಮಾಸಿಸು' ಅನ್ನಬಹುದಾ? 'ಸವೆಸು', 'ಬಾಡಿಸು' ನಡೆಯುವಾಗ ಇದೂ ನಡೆಯಬೇಕು. ವ್ಯಾಕರಣದ ಅಡ್ಡಿ ನನಗೆ ಕಾಣುತ್ತಿಲ್ಲ, ಕಿವಿಗೆ ಮಾತ್ರ ಸ್ವಲ್ಪ ಹೊಸದು.

ನಾಮಪದಕ್ಕೆ ಬಂದರೆ ಕಷ್ಟ ಜಾಸ್ತಿ. ಬರೀ 'ಮಾಸು' ಅಂದರೆ ಹೆರಿಗೆಯ ನಂತರ ಬೀಳುವ ಮಾಸು. ಹಸು ಸಾಕಿದವರಿಗೆ ಮೊದಲು ಹೊಳೆಯುವ ಅರ್ಥವೇ ಅದು. 'ಮಾಸಿಕೆ' ಅಂದರೆ ಕಣ್ಣು 'ಮಾಸಿಕ' ಅಂತ ಓದಿಕೊಂಡು ತಿಂಗಳ ಪತ್ರಿಕೆಗೆ ಹೋಗುತ್ತದೆ. ಉಳಿದದ್ದು 'ಮಾಸಲು'. 'ಮಾಸಲು ಕೆಲಸ' ಅಂದರೆ ಮರದ ಕೆಲಸ, ಗಾರೆ ಕೆಲಸ ಇದ್ದ ಹಾಗೆ ಇರುತ್ತದೆ. ಸದ್ಯಕ್ಕೆ ನನಗೆ ಇದೇ ಹಿಡಿಸಿದೆ.

'ವಾಶ್' ಅನ್ನುವುದನ್ನು ಹಾಗೆಯೇ ಬಿಡಬೇಕು ಅಂದುಕೊಂಡಿದ್ದೇನೆ. ಕಪ್ಪು ಬಣ್ಣವನ್ನು ತುಂಬಾ ತೆಳು ಮಾಡಿ ಕಂಡಿ, ಗೀರುಗಳಲ್ಲಿ ಹರಿಯಬಿಡುವುದು ಅದು. 'ತೊಳೆ' ಅಂದರೆ ಅರ್ಥ ತಿರುಗುಮುರುಗು. 'ತಿಳಿಬಣ್ಣ' ಅಂದರೆ ಲೈಟ್ ಕಲರ್ ಆಗಿಬಿಡುತ್ತದೆ.

ಚಕ್ಕೆ ವಿಷಯಕ್ಕೆ ಮತ್ತೆ ಬರುತ್ತೇನೆ, ಅಲ್ಲಿ ಎರಡು ಪದಗಳ ನಡುವೆ ಆಯ್ಕೆ ಇದೆ. ಮಾದರಿಯಲ್ಲಿ ಬಣ್ಣ ಚಕ್ಕೆ ಎದ್ದಂತೆ ತೋರಿಸಲು ಮೊದಲು ತುಕ್ಕಿನ ಬಣ್ಣ ಹೊಡೆದು ಒಣಗಿಸಬೇಕು. ನೀರು ಸವರಿ ಅಡುಗೆ ಉಪ್ಪು ಉದುರಿಸಬೇಕು. ನೀರು ಆರಿದ ಮೇಲೆ ಬೂದು ಬಣ್ಣ ಸ್ಪ್ರೇ ಮಾಡಿ, ಅದೂ ಒಣಗಿದಾಗ ಬ್ರಷ್‌ನಿಂದ ಉಜ್ಜಬೇಕು. ಉಪ್ಪು ಉದುರಿದಲ್ಲೆಲ್ಲ ಕೆಳಗಿನ ತುಕ್ಕು ಕಾಣುತ್ತದೆ. ಅರ್ಧ ಮಿ.ಮೀ. ಹರಳು 1/72ರಲ್ಲಿ, ನಿಜವಾದ ನೌಕೆಯ ಲೆಕ್ಕಕ್ಕೆ, ಮೂರೂವರೆ ಸೆಂ.ಮೀ. ಗುರುತಾಗುತ್ತದೆ, ಚೆನ್ನಾಗಿ ಕಾಣುತ್ತದೆ. 1/350ರಲ್ಲಿ ಅದೇ ಹರಳು ಹದಿನೇಳು ಸೆಂ.ಮೀ. ದಾಟುತ್ತದೆ. ಅಷ್ಟು ಚಿಕ್ಕ ಮಾದರಿಗೆ ಈ ಉಪಾಯ ಬೇಡ. ಇಲ್ಲಿ 'ಚಕ್ಕೆ' ಸರಿಯೋ, 'ಹಕ್ಕಳೆ' ಸರಿಯೋ? ನನಗೆ ಹಕ್ಕಳೆ ಅಂದರೆ ಗಾಯದ ಮೇಲಿನದು, ಇನ್ನೂ ಅಂಟಿಕೊಂಡಿರುವುದು. ಚಕ್ಕೆ ಹಾರಿ ಹೋದದ್ದು. ನಿಮ್ಮ ಕಡೆ ಹೇಗೆ?

ಇನ್ನೊಂದು. ಈಗಿನ ಎಷ್ಟೋ ಜಲಾಂತರ್ಗಾಮಿಗಳ ಮೈಗೆ ಶಬ್ದ ಹೀರುವ ರಬ್ಬರ್ ತುಂಡುಗಳನ್ನು ಒತ್ತೊತ್ತಾಗಿ ಅಂಟಿಸಿರುತ್ತಾರೆ. ಅವು ಅಲ್ಲಲ್ಲಿ ಕಳಚಿ ಬಿದ್ದು ಚೌಕ ಚೌಕ ಗುರುತು ಉಳಿಯುತ್ತದೆ. ಇಂಗ್ಲಿಷ್‌ನ 'ಟೈಲ್'ಗೆ 'ಹೆಂಚು' ಅಂದರೆ ಮನೆಯ ಸೂರು ನೆನಪಾಗುತ್ತದೆ. 'ಬಿಲ್ಲೆ' ಅಂದರೆ ಸಾಕಾ, ಅಥವಾ ಬಿಲ್ಲೆ ದುಂಡಗೇ ಇರಬೇಕಾ?

ಕಾರವಾರ, ಹೊನ್ನಾವರ, ಮಲ್ಪೆ ಕಡೆಯವರಿಗೆ ವಿಶೇಷವಾಗಿ ಕೇಳುತ್ತಿದ್ದೇನೆ. ದೋಣಿಯ ಮೈಯಲ್ಲಿ ನೀರು ನಿಂತ ಮಟ್ಟದ ಗೆರೆಗೆ, ಅದರ ಕೆಳಗೆ ಮೆತ್ತಿಕೊಳ್ಳುವ ಪಾಚಿ-ಚಿಪ್ಪಿನ ಪದರಕ್ಕೆ, ಅದನ್ನು ಕೆರೆದು ಮತ್ತೆ ಬಣ್ಣ ಹೊಡೆಯುವ ಕೆಲಸಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಯಾವ ಊರಿನ ಮಾತು, ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಬರೆದರೆ ಉಪಕಾರವಾಗುತ್ತದೆ.