ಪುಹೋಲ್ಸ್ ಏಂಜಲ್ಸ್‌ನಲ್ಲಿ ಅಷ್ಟೊಂದು ಕುಸಿದದ್ದು ಏಕೆ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ತಂಡ ಕಾರ್ಡಿನಲ್ಸ್‌ನ 11 ವರ್ಷಗಳಲ್ಲಿ (2001–2011) ಬ್ಯಾಟರ್ ಆಲ್ಬರ್ಟ್ ಪುಹೋಲ್ಸ್ ಬ್ಯಾಟಿಂಗ್ ಸರಾಸರಿ (ಹೊಡೆಯುವ ಯತ್ನಗಳಲ್ಲಿ ಹಿಟ್ ಆದ ಪಾಲು) 0.328, ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥದ್ದು) 445, ಎಂವಿಪಿ (ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ) ಮೂರು ಸಲ. ಆಮೇಲೆ ಸೇರಿದ ಏಂಜಲ್ಸ್ ತಂಡದಲ್ಲಿ ಸರಾಸರಿ 0.256ಕ್ಕೆ ಇಳಿಯಿತು. ಬರೀ ವಯಸ್ಸೇ ಕಾರಣವಾ? 2017ರಲ್ಲಿ 101 ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್) ಇದ್ದರೂ ಆ ವರ್ಷ ಕೆಟ್ಟದು ಅಂತಾರಲ್ಲ, ಹೇಗೆ?

ಉತ್ತರ 1: ಮೊದಲು ಕಾಲು ನೋಡಿ. ಅಂಗಾಲಿನ ತಂತುಪೊರೆ ನೋಯುವ ಪ್ಲಾಂಟಾರ್ ಫ್ಯಾಸಿಯೈಟಿಸ್‌ನಿಂದ 2013ರ ಸೀಸನ್ 99 ಪಂದ್ಯಕ್ಕೇ ಮುಗಿಯಿತು. ನೋವಿದ್ದದ್ದು ಎಡಗಾಲಿನಲ್ಲಿ. ಬಲಗೈ ಬ್ಯಾಟರ್‌ಗೆ ಅದೇ ಮುಂಗಾಲು. ಸ್ವಿಂಗ್‌ನ ಭಾರವೆಲ್ಲ ಬಂದು ನಿಲ್ಲುವುದು ಅದರ ಮೇಲೆ. ಅದು ಗಟ್ಟಿಯಾಗಿ ಊರದಿದ್ದರೆ ಸೊಂಟ ಪೂರ್ತಿ ತಿರುಗುವುದಿಲ್ಲ, ಹೊಡೆತ ಬರೀ ತೋಳಿನದಾಗುತ್ತದೆ. ಎಡಭಾಗಕ್ಕೆ ನೆಲಚೆಂಡು ಹೋದರೆ ಫೀಲ್ಡರ್‌ಗಳು ಮೊದಲೇ ಅಲ್ಲಿ ಸರಿದು ನಿಂತಿರುತ್ತಿದ್ದರು. ಓಟವೂ ನಿಧಾನ, ಹಾಗಾಗಿ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್). ವೃತ್ತಿಜೀವನದಲ್ಲಿ 426 ಸಲ ಹಾಗೆ ಸಿಕ್ಕಿಬಿದ್ದರು, ಅದು ದಾಖಲೆ.

ಉತ್ತರ 2: ಆರ್‌ಬಿಐ ನಂಬಬೇಡಿ. ತಮಗಿಂತ ಮೊದಲು ಬ್ಯಾಟ್ ಮಾಡಿದವರು ಬೇಸ್ ಮೇಲಿದ್ದರೆ ಅದು ತಾನಾಗಿ ಏರುತ್ತದೆ. 2017ರ ಆನ್‌ಬೇಸ್ (ಔಟಾಗದೆ ಬೇಸ್ ಮುಟ್ಟಿದ ಪಾಲು) 0.286, ಓಪಿಎಸ್ (ಆನ್‌ಬೇಸ್‌ಗೆ ಹೊಡೆತದ ಬಲದ ಅಂಕಿ ಕೂಡಿಸಿದ್ದು) 0.672. ಓಡಲಾಗದ ಡಿಎಚ್‌ಗೆ (ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡುವವ) ಇದು ತೀರಾ ಕಡಿಮೆ. ಹಿಂದೆ ಸ್ಟ್ರೈಕ್‌ಔಟ್‌ಗಿಂತ (ಮೂರು ಸ್ಟ್ರೈಕ್‌ಗೆ ಔಟ್) ವಾಕ್ (ಕೆಟ್ಟ ಎಸೆತಗಳನ್ನು ಬಿಟ್ಟು ಸಿಗುವ ಮೊದಲ ಬೇಸ್) ಹೆಚ್ಚು ಪಡೆಯುತ್ತಿದ್ದ ಕಣ್ಣು ಅವರದು! ಆ ತಾಳ್ಮೆ ಹೋದದ್ದೇ ನನಗೆ ಹೆಚ್ಚು ಸಂಕಟ ಕೊಡುವ ಸಂಗತಿ.

ಉತ್ತರ 3: 2022 ಮರೆಯಬೇಡಿ. ಕಾರ್ಡಿನಲ್ಸ್‌ಗೆ ಮರಳಿ 42ರ ವಯಸ್ಸಿನಲ್ಲಿ 24 ಹೋಮ್‌ರನ್ ಹೊಡೆದು ಒಟ್ಟು 703ಕ್ಕೆ ಮುಗಿಸಿದರು. ಆ ವರ್ಷ ಕಾರ್ಡಿನಲ್ಸ್ ಆಡುವ ನ್ಯಾಷನಲ್ ಲೀಗ್‌ಗೂ ಡಿಎಚ್ ಬಂತು, ತಂಡ ಅವರನ್ನು ದಿನಾ ಆಡಿಸದೆ ಎಡಗೈ ಪಿಚರ್‌ಗಳ (ಚೆಂಡೆಸೆಯುವವರ) ಎದುರು ಹೆಚ್ಚಾಗಿ ಇಳಿಸಿತು. ಎಡಗೈ, ಬಲಗೈ ಪಿಚರ್‌ಗಳ ಎದುರು ಅವರ ಅಂಕಿ ಬೇರೆಬೇರೆಯಾಗಿ ತೆಗೆದು ನೋಡಿ.